ಕೋಸಂಬರಿ, ಪಚಡಿ ಮತ್ತು ಋತುಮಾನದ ಹಸಿ ತರಕಾರಿ: ಪರೀಕ್ಷೆಗೆ ಮುಖ್ಯಾಂಶಗಳು

ಸಲಾಡ್ ಪಾಠ ಶುರು ಮಾಡುವ ದಿನ ತರಗತಿಯಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನಿಮ್ಮ ಮನೆಯಲ್ಲಿ ಒಲೆ ಮೇಲೆ ಬೇಯಿಸದೆ ಮಾಡುವ ಅಡುಗೆ ಯಾವುದು? ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿರುತ್ತಾರೆ. ಆಮೇಲೆ ಹಿಂದಿನ ಬೆಂಚಿನಿಂದ ಯಾರೋ 'ಕೋಸಂಬರಿ' ಅನ್ನುತ್ತಾರೆ. ಗದಗ, ಬಾಗಲಕೋಟೆ ಕಡೆಯ ಮಕ್ಕಳಿದ್ದರೆ 'ಪಚಡಿ' ಅನ್ನುತ್ತಾರೆ. ಪಾಠಕ್ಕೆ ಅಷ್ಟು ಸಾಕು. ಲೆಟ್ಯೂಸ್, ಆಲಿವ್ ಎಣ್ಣೆ ಕಂಡಿರದ ವಿದ್ಯಾರ್ಥಿಗೂ ಈ ವಿಷಯ ಬಾಯಿರುಚಿಯಿಂದಲೇ ಗೊತ್ತಿದೆ. ಗೊತ್ತಿರುವುದನ್ನು ಶಾಸ್ತ್ರದ ಹೆಸರಿಟ್ಟು ಬರೆಯಲು ಕಲಿತರೆ ಅಂಕ ತಾನಾಗಿ ಬರುತ್ತದೆ. ಗೃಹವಿಜ್ಞಾನ, ತೋಟಗಾರಿಕೆ, ಸಾಮಾನ್ಯ ಜ್ಞಾನ, ಯಾವ ಪರೀಕ್ಷೆಗೆ ಕೂತವರಿಗಾದರೂ ನೆನಪಿರಬೇಕಾದ ಎರಡು ಮಾತು ಇವು: ಸಂತೆಯಲ್ಲಿ ಇವತ್ತು ಏನು ಚೆನ್ನಾಗಿದೆ, ಉಪ್ಪು ಯಾವಾಗ ಬೀಳಬೇಕು. ಉಳಿದದ್ದೆಲ್ಲ ಈ ಎರಡರಿಂದಲೇ ಹೊರಡುತ್ತದೆ.

ವ್ಯಾಖ್ಯೆ, ಹೆಸರುಗಳು

• ಹಸಿಯಾದ ಅಥವಾ ಅರೆಬೆಂದ ತರಕಾರಿ, ಸೊಪ್ಪು, ಹಣ್ಣು, ನೆನೆಸಿದ ಇಲ್ಲವೇ ಮೊಳಕೆ ಬಂದ ಕಾಳನ್ನು ಹುಳಿ, ಉಪ್ಪು, ಸ್ವಲ್ಪ ಎಣ್ಣೆಯೊಂದಿಗೆ ಬೆರೆಸಿದ್ದು ಸಲಾಡ್. ಹುಳಿ, ಉಪ್ಪು, ಎಣ್ಣೆಯ ಈ ಲೇಪಕ್ಕೆ ಇಂಗ್ಲಿಷಿನ ಅಡುಗೆ ಪುಸ್ತಕಗಳಲ್ಲಿ ಡ್ರೆಸ್ಸಿಂಗ್ ಎಂದು ಹೆಸರು. ಕೋಸಂಬರಿಯಲ್ಲಿ ನಿಂಬೆರಸ ಮತ್ತು ಒಗ್ಗರಣೆ ಸೇರಿ ಅದೇ ಕೆಲಸ ಮಾಡುತ್ತವೆ.
• 'ಸಲಾಡ್' ಪದದ ಬೇರು ಲ್ಯಾಟಿನ್ನಿನ 'ಸಾಲ್', ಅಂದರೆ ಉಪ್ಪು. ಉಪ್ಪು ಹಾಕಿದ್ದು ಎಂಬುದೇ ಮೂಲ ಅರ್ಥ.
• ಕೋಸಂಬರಿಯ ಬಂಧುಗಳು: ಮರಾಠಿಯಲ್ಲಿ ಕೋಶಿಂಬೀರ್, ತಮಿಳಿನಲ್ಲಿ ಕೋಸುಮಲ್ಲಿ. ತೆಲುಗರು ರಾಮನವಮಿಗೆ ಮಾಡುವ ವಡಪಪ್ಪು ಕೂಡ ನೆನೆಸಿದ ಹೆಸರುಬೇಳೆಯದೇ.
• ಹಳೆ ಮೈಸೂರು ಕಡೆ ಕೋಸಂಬರಿಗೆ ಬೇಳೆ ಇರಲೇಬೇಕು. ಉತ್ತರ ಕರ್ನಾಟಕದ ಪಚಡಿಗೆ ಬೇಳೆ ಕಡ್ಡಾಯವಿಲ್ಲ; ಅಲ್ಲಿ ಸೊಪ್ಪು, ಉಳ್ಳಾಗಡ್ಡಿ, ಪುಡಿಗಳದೇ ಪಾರುಪತ್ಯ. ಬೆಂಗಳೂರಿನಲ್ಲಿ ಪಚಡಿ ಎಂದರೆ ಕೆಲವರಿಗೆ ಮೊಸರು ಬಜ್ಜಿ ನೆನಪಾಗುತ್ತದೆ, ಆಂಧ್ರದಲ್ಲಿ ಅದೇ ಹೆಸರಿಗೆ ಚಟ್ನಿ ಎಂದು ಅರ್ಥ. ಉತ್ತರ ಬರೆಯುವಾಗ ಯಾವ ಪ್ರದೇಶದ್ದೆಂದು ಒಂದು ಮಾತು ಸೇರಿಸಿ.

ಕನ್ನಡದಲ್ಲಿ ಅಡುಗೆಯ ಬರಹಕ್ಕೆ ಸಾವಿರ ವರ್ಷದ ಪರಂಪರೆ ಇದೆ. ಎರಡನೇ ಚಾವುಂಡರಾಯನ 'ಲೋಕೋಪಕಾರ', ಸುಮಾರು 1025. ಅದರಲ್ಲಿ ಪಾಕಶಾಸ್ತ್ರಕ್ಕೂ ಒಂದು ಭಾಗವಿದೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' 12ನೇ ಶತಮಾನದ್ದು, ಸಂಸ್ಕೃತದಲ್ಲಿದೆ. ಊಟದ ವಿವರ ಬರುವುದು 'ಅನ್ನಭೋಗ'ದಲ್ಲಿ. ಮೂರನೇ ಮಂಗರಸನ 'ಸೂಪಶಾಸ್ತ್ರ' 16ನೇ ಶತಮಾನದ ಆರಂಭದ್ದು, ಷಟ್ಪದಿಯಲ್ಲಿದೆ, ಪೂರ್ತಿ ಸಸ್ಯಾಹಾರದ ಗ್ರಂಥ. ಈ ಮೂರನ್ನು ಹೊಂದಿಸಿ ಬರೆಯುವ ಪ್ರಶ್ನೆಗೆ ಸಿದ್ಧವಾಗಿರಿ. ಭಾಷೆಯ ವಿಷಯದಲ್ಲಿ 'ಮಾನಸೋಲ್ಲಾಸ'ವೇ ಹೆಚ್ಚಿನವರು ಎಡವುವ ಜಾಗ.

ಯಾವ ಕಾಲಕ್ಕೆ ಸಂತೆಯಲ್ಲಿ ಏನು

ಪುಸ್ತಕದಲ್ಲಿ ಬೆಳೆ ಹಂಗಾಮು ಮೂರು: ಮುಂಗಾರು ಅಥವಾ ಖಾರಿಫ್, ಹಿಂಗಾರು ಅಥವಾ ರಬಿ, ಬೇಸಿಗೆ ಅಥವಾ ಜಾಯದ್. ಹಸಿ ತಿನ್ನುವ ತರಕಾರಿಯ ಮಟ್ಟಿಗೆ ಹಿಂಗಾರೇ ಹಂಗಾಮುಗಳ ಅರಸ.

ಚಳಿಗಾಲ, ನವೆಂಬರಿನಿಂದ ಫೆಬ್ರವರಿ: ಗಜ್ಜರಿ, ಮೂಲಂಗಿ, ಮೆಂತ್ಯ, ಕೊತ್ತಂಬರಿ, ಹಸಿ ಬಟಾಣಿ, ಹಸಿ ಕಡಲೆ. ತಂಪಿನಲ್ಲಿ ಬೆಳೆದ ಬೇರು ಸಿಹಿಯಾಗಿರುತ್ತದೆ, ಮೂಲಂಗಿಯ ಘಾಟು ಹಿಡಿತದಲ್ಲಿರುತ್ತದೆ. ಬಿಸಿಲು ಏರಿದ ಮೇಲೆ ಬಂದ ಮೂಲಂಗಿ ಖಾರ, ಒಳಗೆ ಬೆಂಡು. ವಿಜಯಪುರ, ಬಾಗಲಕೋಟೆ ಕಡೆಯ ಎರೆಹೊಲಗಳಲ್ಲಿ ಈ ಹೊತ್ತಿಗೆ ಹಕ್ಕರಕಿ ಸೊಪ್ಪು ತಾನಾಗಿ ಹುಟ್ಟುತ್ತದೆ. ಅದನ್ನು ಬಿತ್ತಿದವರಿಲ್ಲ, ನೀರು ಕಟ್ಟಿದವರಿಲ್ಲ. ತೊಳೆದು, ಜೋಳದ ರೊಟ್ಟಿಯ ಮಗ್ಗುಲಿಗೆ ಇಟ್ಟುಕೊಂಡು ಹಾಗೇ ತಿನ್ನುತ್ತಾರೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ನೈವೇದ್ಯ ಎರಚಲು, ಹೊಲಕ್ಕೆ ಹೋದವರ ಬುತ್ತಿಯ ಪಕ್ಕದಲ್ಲೂ ಹಸಿ ಸೊಪ್ಪು, ಗಜ್ಜರಿ ಇರುತ್ತವೆ. 'ಬೆಳೆಸದೆ ಸಿಗುವ ಖಾದ್ಯ ಸಸ್ಯಕ್ಕೆ ಉದಾಹರಣೆ ಕೊಡಿ' ಎಂದರೆ ಹಕ್ಕರಕಿ ಬರೆಯಿರಿ.

ಬೇಸಿಗೆ, ಮಾರ್ಚಿನಿಂದ ಮೇ: ಎಳೆ ಸೌತೆ, ಮಾವಿನಕಾಯಿ, ಕಲ್ಲಂಗಡಿ, ಕರಬೂಜ. ಯುಗಾದಿಯ ಹೊತ್ತಿಗೆ ಮಾವಿನಕಾಯಿ ಬಂದರೆ ನಿಂಬೆ ರಜೆ ತೆಗೆದುಕೊಳ್ಳಬಹುದು. ತುರಿದ ಮಾವಿನಕಾಯಿಯೇ ಕೋಸಂಬರಿಗೆ ಹುಳಿ. ರಾಮನವಮಿಯ ಕೋಸಂಬರಿ, ಪಾನಕ, ನೀರು ಮಜ್ಜಿಗೆ ಮೂರನ್ನೂ ಪೋಷಣೆಯ ದೃಷ್ಟಿಯಿಂದ ವಿವರಿಸಲು ಕೇಳಿದರೆ ನೀರು, ಲವಣ, ಬೆಲ್ಲದ ಶಕ್ತಿ, ಬೇಳೆಯ ಪ್ರೋಟೀನ್ ಎಂದು ಬಿಡಿಸಿ. ಹಬ್ಬ ಬರುವುದೇ ಬಿಸಿಲು ಏರುವ ಕಾಲಕ್ಕೆ.

ಮಳೆಗಾಲ: ಕರಾವಳಿ, ಮಲೆನಾಡಿನಲ್ಲಿ ಮುಳ್ಳುಸೌತೆಯ ಬಳ್ಳಿ ಚಪ್ಪರ ಹತ್ತಿ ಚೌತಿಯ ಹೊತ್ತಿಗೆ ಕಾಯಿ ಇಳಿಬಿಡುತ್ತದೆ. ಹಸಿ ಸೊಪ್ಪಿಗೆ ಮಾತ್ರ ಇದು ಒಳ್ಳೆಯ ಕಾಲವಲ್ಲ. ಮಣ್ಣು ಎಲೆಗೆ ಸಿಡಿದಿರುತ್ತದೆ, ಹುಳು ಹೆಚ್ಚು, ಕೊಳೆ ಬೇಗ. ಈ ತಿಂಗಳುಗಳಲ್ಲಿ ಸಿಪ್ಪೆ ತೆಗೆದು ತಿನ್ನಬಹುದಾದ ಸೌತೆ, ಬಾಳೆದಿಂಡು, ಚಕ್ಕೋತಗಳ ಕಡೆ ವಾಲುವುದು ಬುದ್ಧಿವಂತಿಕೆ.

ತಾಜಾ ಎಂಬುದನ್ನು ಗುರುತಿಸುವುದು ಹೇಗೆ? ಧಾರವಾಡದ ಸಂತೆಯಲ್ಲಿ ಒಮ್ಮೆ ನಾನು ಸೌತೆಕಾಯಿಯನ್ನು ಹಿಚುಕಿ ಹಿಚುಕಿ ನೋಡುತ್ತಿದ್ದೆ. ಮಾರುತ್ತಿದ್ದ ಅಜ್ಜಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, 'ಹಿಂಗ ನೋಡಬಾರದ್ರೀ ಅಕ್ಕಾರ, ಹಿಂಗ' ಅಂದು ನಡುವಿಗೆ ಮುರಿದಳು. ಪಟ್ಟನೆ ಸದ್ದಾಯಿತು, ಮುರಿದ ಅಂಚಿನಲ್ಲಿ ಸಣ್ಣ ಸಣ್ಣ ನೀರ ಹನಿ ಮೂಡಿದವು. 'ನಸುಕಿನ್ಯಾಗ ಕಿತ್ತದ್ದೈತಿ' ಎಂದಳು. ಆ ಸದ್ದು, ಹನಿಗಳ ಹಿಂದಿರುವ ಬಲಕ್ಕೆ ಪುಸ್ತಕದಲ್ಲಿರುವ ಹೆಸರು ಟರ್ಗರ್ ಒತ್ತಡ: ಜೀವಕೋಶದೊಳಗಿನ ನೀರು ಕೋಶಭಿತ್ತಿಯನ್ನು ಒಳಗಿನಿಂದ ಒತ್ತಿ ಹಿಡಿದಿರುವುದು. ಒತ್ತಡ ಇದ್ದರೆ ಸದ್ದು ಬರುತ್ತದೆ, ಇಲ್ಲದಿದ್ದರೆ ಕಾಯಿ ಬಾಗುತ್ತದೆ.

• ಸೌತೆ: ಕೈಗೆ ಗಟ್ಟಿ, ಒಳಗೆ ಬೀಜ ಎಳೆಯದು. ಹಳದಿ ತಿರುಗಿದ್ದು ಬಲಿತದ್ದು. ಸಾಂಬಾರಿಗೆ ನಡೆಯುತ್ತದೆ, ಕೋಸಂಬರಿಗೆ ಬೇಡ.
• ಮೂಲಂಗಿ: ಎಲೆ ಬಾಡದಿದ್ದರೆ ಗಡ್ಡೆಯೂ ಹೊಸದು. ಎಲೆ ಕತ್ತರಿಸಿ ಮಾರುತ್ತಿದ್ದರೆ ಗಡ್ಡೆಯನ್ನು ತೂಗಿ ನೋಡಿ, ಹಗುರಾಗಿದ್ದರೆ ಬೆಂಡು.
• ಮೆಂತ್ಯ: ಬೇರು ಸಮೇತ ಇರುವ ಗಿಡ್ಡ ಕಟ್ಟು. ಹೂ ಬಂದಿದ್ದರೆ ಕಹಿ.
• ನಿಂಬೆ: ತೆಳು ಸಿಪ್ಪೆ, ಗಾತ್ರಕ್ಕಿಂತ ತೂಕ ಹೆಚ್ಚು.
• ತೆಂಗಿನಕಾಯಿ: ಅಲುಗಾಡಿಸಿದರೆ ನೀರಿನ ಸದ್ದು, ಕಣ್ಣಿನ ಹತ್ತಿರ ಒಣಗಿರಬೇಕು.

ಉಪ್ಪು ಯಾವಾಗ? ಹೆಚ್ಚು ಅಂಕದ ಪ್ರಶ್ನೆ

ಪ್ರಶ್ನೆ ಹೀಗಿರಬಹುದು: 'ಕತ್ತರಿಸಿದ ಸೌತೆಗೆ ಉಪ್ಪು ಬೆರೆಸಿ ಇಟ್ಟರೆ ನೀರು ಬಿಡುವುದೇಕೆ? ವೈಜ್ಞಾನಿಕ ಕಾರಣ ಕೊಡಿ.' ಉತ್ತರದ ಮುಖ್ಯ ಪದ ಅಭಿಸರಣೆ. ಅರೆಪಾರಕ ಪೊರೆಯ ಮೂಲಕ ನೀರು ಲವಣ ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ ಹರಿಯುತ್ತದೆ. ಹೊರಗೆ ಬಿದ್ದ ಉಪ್ಪು ಸೌತೆಯ ಮೇಲ್ಮೈಯ ತೇವದಲ್ಲಿ ಕರಗಿ ಗಾಢ ದ್ರಾವಣವಾಗುತ್ತದೆ. ಕೋಶದೊಳಗಿನ ನೀರು ಹೊರಗೆ ಬರುತ್ತದೆ. ಕೋಶದ್ರವ್ಯ ಕುಗ್ಗಿ ಕೋಶಭಿತ್ತಿಯಿಂದ ಬಿಡಿಸಿಕೊಳ್ಳುತ್ತದೆ. ಇದಕ್ಕೆ ಪ್ಲಾಸ್ಮೊಲಿಸಿಸ್ ಎನ್ನುತ್ತಾರೆ. ಟರ್ಗರ್ ಒತ್ತಡ ಬಿದ್ದು ತುಂಡು ಮೆತ್ತಗಾಗುತ್ತದೆ. ಸೌತೆಯ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ ಆದ್ದರಿಂದ ಈ ಬದಲಾವಣೆ ಅದರಲ್ಲಿ ಎದ್ದು ಕಾಣುತ್ತದೆ.

ಇದನ್ನು ಓದಿ ಬಾಯಿಪಾಠ ಮಾಡುವುದಕ್ಕಿಂತ ಒಮ್ಮೆ ಮಾಡಿ ನೋಡಿ. ಒಂದೇ ಸೌತೆಯನ್ನು ಹೆಚ್ಚಿ ಎರಡು ತಟ್ಟೆಗೆ ಹಂಚಿ. ಒಂದಕ್ಕೆ ಅರ್ಧ ಚಮಚ ಉಪ್ಪು ಬೆರೆಸಿ, ಇನ್ನೊಂದನ್ನು ಹಾಗೇ ಬಿಡಿ. ಐದು ನಿಮಿಷಕ್ಕೆ ಉಪ್ಪಿನ ತಟ್ಟೆಯ ತುಂಡುಗಳು ಬೆವರತೊಡಗುತ್ತವೆ. ಹತ್ತು ನಿಮಿಷಕ್ಕೆ ತಟ್ಟೆ ಓರೆ ಮಾಡಿದರೆ ನೀರು ಒಂದು ಕಡೆ ಕೂಡುತ್ತದೆ. ಅರ್ಧ ಗಂಟೆಗೆ ತುಂಡುಗಳ ಅಂಚು ಒಳಕ್ಕೆ ಬಾಗಿ, ಹಸಿರು ಕಪ್ಪಿಗೆ ತಿರುಗಿದಂತೆ ಕಾಣುತ್ತದೆ. ಇನ್ನೊಂದು ತಟ್ಟೆಯಲ್ಲಿ ಏನೂ ಆಗಿರುವುದಿಲ್ಲ. ಒಮ್ಮೆ ಕಣ್ಣಾರೆ ಕಂಡವರು ಈ ಉತ್ತರವನ್ನು ಮರೆಯುವುದಿಲ್ಲ.

ಆದ್ದರಿಂದ ಕ್ರಮ: ತರಕಾರಿ, ಬೇಳೆ, ತೆಂಗಿನತುರಿ, ಮೆಣಸಿನಕಾಯಿ, ಕೊತ್ತಂಬರಿ ಎಲ್ಲ ಮೊದಲೇ ಬೆರೆಸಿ ಇಡಬಹುದು. ಒಗ್ಗರಣೆ ಆರಿದ ಮೇಲೆ ಸುರಿಯಬಹುದು. ನಿಂಬೆ ಮತ್ತು ಉಪ್ಪು ಎಲೆ ಹಾಕಿದ ಮೇಲೆ. ಮದುವೆ ಮನೆಯಲ್ಲಿ ಅನುಭವಿ ಅಡುಗೆ ಭಟ್ಟರು ಪಂಕ್ತಿ ಕೂತ ಮೇಲೆಯೇ ಕೋಸಂಬರಿಗೆ ಉಪ್ಪು ಬೆರೆಸುವುದನ್ನು ನೋಡಿರಬಹುದು. ಎರಡನೇ ಪಂಕ್ತಿಗೆ ಮತ್ತೆ ಬೇರೆ ಬೆರೆಸುತ್ತಾರೆ. ಅದು ಶಾಸ್ತ್ರ ಬಲ್ಲವರ ಕೆಲಸ.

ಇದರ ತಿರುಗುಮುರುಗು ಪ್ರಶ್ನೆಯೂ ಉಂಟು: ಬಾಡಿದ ಕೊತ್ತಂಬರಿ ತಣ್ಣೀರಿನಲ್ಲಿ ಇಟ್ಟರೆ ನೆಟ್ಟಗಾಗುವುದೇಕೆ? ಇಲ್ಲಿ ಹೊರಗಿನ ನೀರಿನಲ್ಲಿ ಲವಣ ಕಡಿಮೆ, ಕೋಶದೊಳಗೆ ಹೆಚ್ಚು. ನೀರು ಒಳಗೆ ಹೋಗಿ ಟರ್ಗರ್ ಮರಳುತ್ತದೆ. ಒಂದೇ ತತ್ತ್ವ, ದಿಕ್ಕು ಬೇರೆ. ಉಪ್ಪಿನಕಾಯಿ ಕೆಡದೆ ಉಳಿಯುವುದರ ಹಿಂದೆಯೂ ಇದೇ ಇದೆ: ಗಾಢ ಉಪ್ಪು ಸೂಕ್ಷ್ಮಾಣುಗಳ ನೀರನ್ನು ಹೊರಗೆಳೆದು ಬೆಳೆಯದಂತೆ ತಡೆಯುತ್ತದೆ.

ಹೆಸರುಬೇಳೆ ಕೋಸಂಬರಿ: ಪ್ರಾಯೋಗಿಕ ಪರೀಕ್ಷೆಗೆ ಅಳತೆ

ನಾಲ್ಕು ಜನಕ್ಕೆ: ಹೆಸರುಬೇಳೆ 100 ಗ್ರಾಂ, ಎಳೆ ಸೌತೆ ಮಧ್ಯಮ ಗಾತ್ರದ್ದು 1, ತೆಂಗಿನತುರಿ 4 ಚಮಚ, ಹಸಿಮೆಣಸಿನಕಾಯಿ 2, ನಿಂಬೆ ಅರ್ಧ ಹೋಳು, ಕೊತ್ತಂಬರಿ ಒಂದು ಹಿಡಿ. ಒಗ್ಗರಣೆಗೆ ಎಣ್ಣೆ 2 ಚಹಾ ಚಮಚ, ಸಾಸಿವೆ, ಚಿಟಿಕೆ ಇಂಗು, ಕರಿಬೇವು. ಉಪ್ಪು ರುಚಿಗೆ.

ಬೇಳೆಯನ್ನು ಎರಡು ಮೂರು ನೀರಲ್ಲಿ ತೊಳೆದು ಮುಕ್ಕಾಲು ಗಂಟೆ ನೆನೆಸಿ. ಸರಿಯಾಗಿ ನೆನೆದ ಬೇಳೆಯನ್ನು ಉಗುರಿನಿಂದ ಒತ್ತಿದರೆ ಎರಡಾಗುತ್ತದೆ, ಹಿಟ್ಟಾಗುವುದಿಲ್ಲ. ಕಡಲೆಬೇಳೆಗೆ ಎರಡು ಗಂಟೆ ಬೇಕು. ಬಸಿಯುವುದರಲ್ಲಿ ಅವಸರ ಮಾಡಬಾರದು. ಬೇಳೆಗೆ ಅಂಟಿದ ನೀರು ನಿಂಬೆ, ಉಪ್ಪು ಎರಡನ್ನೂ ಸಪ್ಪೆ ಮಾಡುತ್ತದೆ. ಜರಡಿ ಪಾತ್ರೆಯಲ್ಲಿ ಹತ್ತು ನಿಮಿಷ ಬಿಟ್ಟರೆ ಒಳ್ಳೆಯದು. ಒಗ್ಗರಣೆಯನ್ನು ಬಿಸಿಬಿಸಿಯಾಗಿ ಸೌತೆಯ ಮೇಲೆ ಸುರಿದರೆ ಆ ತುಂಡುಗಳು ಅಲ್ಲೇ ಮೆತ್ತಗಾಗುತ್ತವೆ. ಹಬ್ಬದ ಕೋಸಂಬರಿಗೆ ಈರುಳ್ಳಿ ಇಲ್ಲ. ಬಾಳೆ ಎಲೆಯ ಮೇಲೆ ಇದರ ಜಾಗ ಉಪ್ಪು, ಉಪ್ಪಿನಕಾಯಿ, ಪಲ್ಯಗಳ ಸಾಲಿನಲ್ಲಿ, ಅನ್ನಕ್ಕಿಂತ ಮೊದಲು ಬಡಿಸುವಂಥದ್ದು.

ಋತುವಿಗೆ ತಕ್ಕ ಬದಲಾವಣೆ: ಚಳಿಗೆ ಗಜ್ಜರಿ ತುರಿ ಅಥವಾ ಮೂಲಂಗಿ, ಬೇಸಿಗೆಗೆ ಮಾವಿನಕಾಯಿ, ಮಳೆಗೆ ಬಾಳೆದಿಂಡು, ದಾಳಿಂಬೆ ಅಗ್ಗವಾದಾಗ ಒಂದು ಹಿಡಿ ಕಾಳು.

ಮೆಂತ್ಯ ಪಚಡಿ

ಮೆಂತ್ಯದ ಎಲೆ ಬಿಡಿಸಿ ಸಣ್ಣಗೆ ಹೆಚ್ಚಿದ್ದು, ಉಳ್ಳಾಗಡ್ಡಿ, ಸೌತೆ, ಮೂಲಂಗಿ, ಬೇಕಿದ್ದರೆ ಟೊಮೆಟೊ. ಮೇಲೆ ಗುರೆಳ್ಳು ಪುಡಿ ಎರಡು ಚಮಚ, ಶೇಂಗಾ ಪುಡಿ ಎರಡು ಚಮಚ, ಹಸಿ ಎಣ್ಣೆ ಒಂದು ಚಮಚ, ನಿಂಬೆ, ಕೊನೆಗೆ ಉಪ್ಪು. ಒಗ್ಗರಣೆಯ ಅಗತ್ಯವೇ ಇಲ್ಲ. ಇಲ್ಲಿ ಪುಡಿಗಳು ಮಾಡುವ ಕೆಲಸವನ್ನು ಗಮನಿಸಿ: ತರಕಾರಿ ಬಿಟ್ಟ ನೀರನ್ನು ಅವು ಹೀರಿಕೊಂಡು ಎಲೆಗೆ ಅಂಟುತ್ತವೆ, ಆದ್ದರಿಂದ ಪಚಡಿ ತಳದಲ್ಲಿ ನೀರು ನಿಲ್ಲುವುದಿಲ್ಲ. ಕೋಸಂಬರಿ ಉಪ್ಪನ್ನು ತಡಮಾಡಿ ನೀರನ್ನು ತಡೆಯುತ್ತದೆ, ಪಚಡಿ ಬಂದ ನೀರನ್ನು ಪುಡಿಯಿಂದ ಕಟ್ಟಿಹಾಕುತ್ತದೆ. ವ್ಯತ್ಯಾಸ ಬರೆಯಿರಿ ಎಂದರೆ ಈ ಒಂದು ವಾಕ್ಯ ಬಿಡಬೇಡಿ. ರೊಟ್ಟಿಯಿಂದ ಎತ್ತಿ ತಿನ್ನುವ ಅಡುಗೆ ಹೀಗೇ ಇರಬೇಕಾಗುತ್ತದೆ. ನೀರು ಬಿಟ್ಟ ಪಚಡಿ ರೊಟ್ಟಿಯ ಮೇಲೆ ನಿಲ್ಲುವುದಿಲ್ಲ.

ಪೋಷಕಾಂಶ

• ಹೆಸರುಬೇಳೆ: 100 ಗ್ರಾಂ ಒಣ ಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್.
• ಜೀವಸತ್ವ 'ಸಿ'ಯ ರಾಸಾಯನಿಕ ಹೆಸರು ಆಸ್ಕಾರ್ಬಿಕ್ ಆಮ್ಲ. ನೀರಿನಲ್ಲಿ ಕರಗುತ್ತದೆ, ಶಾಖ, ಗಾಳಿ ಎರಡಕ್ಕೂ ನಾಶವಾಗುತ್ತದೆ. ಹಾಗಾಗಿ ಮೊದಲು ತೊಳೆ, ಆಮೇಲೆ ಕತ್ತರಿಸು. ಕತ್ತರಿಸಿ ತೊಳೆದರೆ ಜೀವಸತ್ವ ನೀರಿನ ಜೊತೆ ಹೋಗುತ್ತದೆ.
• ಕೊರತೆಯ ರೋಗ ಸ್ಕರ್ವಿ. ಜೇಮ್ಸ್ ಲಿಂಡ್ 1747ರಲ್ಲಿ ನಾವಿಕರಿಗೆ ಕಿತ್ತಳೆ, ನಿಂಬೆ ಕೊಟ್ಟು ಪರೀಕ್ಷಿಸಿದ. ಜೀವಸತ್ವ 'ಸಿ' ಕುರಿತ ಸಂಶೋಧನೆಯೂ ಸೇರಿದ ಕೆಲಸಕ್ಕೆ ಆಲ್ಬರ್ಟ್ ಸೆಂಟ್-ಜಾರ್ಜಿಗೆ 1937ರ ನೊಬೆಲ್.
• ಗಜ್ಜರಿಯ ಬೀಟಾ ಕೆರೋಟಿನ್ ದೇಹದಲ್ಲಿ ಜೀವಸತ್ವ 'ಎ' ಆಗುತ್ತದೆ. ಹೀರಿಕೆಗೆ ಕೊಬ್ಬು ಬೇಕು. ತೆಂಗಿನತುರಿ, ಒಗ್ಗರಣೆಯ ಎಣ್ಣೆ ಅಲಂಕಾರಕ್ಕಷ್ಟೇ ಅಲ್ಲ. ಕೊಬ್ಬಿನಲ್ಲಿ ಕರಗುವವು ಎ, ಡಿ, ಇ, ಕೆ.

ಇನ್ನೊಂದನ್ನು ಬಿಡಿಸಿಯೇ ಹೇಳಬೇಕು. ಸೊಪ್ಪು, ಬೇಳೆಯಲ್ಲಿರುವ ಕಬ್ಬಿಣ ಹೀಮ್ ಅಲ್ಲದ ಬಗೆಯದು. ದೇಹ ಅದನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ನಿಂಬೆಯ ಆಸ್ಕಾರ್ಬಿಕ್ ಆಮ್ಲ ಫೆರಿಕ್ ರೂಪದ ಕಬ್ಬಿಣವನ್ನು ಫೆರಸ್ ರೂಪಕ್ಕೆ ಇಳಿಸಿ ಹೀರಿಕೆಗೆ ದಾರಿ ಮಾಡುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಅದರ ಟ್ಯಾನಿನ್ ಇದಕ್ಕೆ ಅಡ್ಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ತರಗತಿಯಲ್ಲಿ ಈ ಅಂಕಿ ಹೇಳುವಾಗ ಎದುರಿಗೆ ಕೂತ ಹುಡುಗಿಯರನ್ನು ನೋಡಿ ನನಗೆ ಗಂಟಲು ಕಟ್ಟುತ್ತದೆ. ಮೆಂತ್ಯ ಪಚಡಿಯ ಮೇಲೆ ಹಿಂಡುವ ಅರ್ಧ ಹೋಳು ನಿಂಬೆ ರಕ್ತಹೀನತೆಗೆ ಔಷಧವಲ್ಲ, ಆದರೆ ತಟ್ಟೆಯಲ್ಲಿರುವ ಕಬ್ಬಿಣ ದೇಹಕ್ಕೆ ಸೇರಲು ನೆರವಾಗುತ್ತದೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಊಟಕ್ಕೆ ಕೂರುವವರ ತಟ್ಟೆಗೂ ಅದು ಬೀಳಲಿ.

• ಮೊಳಕೆ: ಹೆಸರುಕಾಳು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದು ದಿನದಲ್ಲಿ ಮೊಳಕೆ. ಜೀವಸತ್ವ 'ಸಿ' ಹೆಚ್ಚುತ್ತದೆ. ಫೈಟೇಸ್ ಕಿಣ್ವ ಫೈಟಿಕ್ ಆಮ್ಲವನ್ನು ಒಡೆಯುವುದರಿಂದ ಖನಿಜಗಳು ಸುಲಭವಾಗಿ ದಕ್ಕುತ್ತವೆ. ಒಡೆದ ಬೇಳೆ ಮೊಳೆಯುವುದಿಲ್ಲ. ಇಡೀ ಕಾಳೇ ಬೇಕು.
• ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ: ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ. ಆಲೂಗಡ್ಡೆಯಂಥ ಪಿಷ್ಟದ ಗಡ್ಡೆಗಳು ಈ ಲೆಕ್ಕಕ್ಕಿಲ್ಲ.

ಬಣ್ಣ, ಘಾಟು, ಕಹಿ

• ಬಾಳೆದಿಂಡು ಕಪ್ಪಾಗುವುದು: ಪಾಲಿಫಿನಾಲ್ ಆಕ್ಸಿಡೇಸ್ ಕಿಣ್ವ ಗಾಳಿಯ ಆಮ್ಲಜನಕದೊಂದಿಗೆ ವರ್ತಿಸುವುದರಿಂದ. ಮಜ್ಜಿಗೆ ನೀರಿನಲ್ಲಿ ಮುಳುಗಿಸಿಟ್ಟರೆ ಹುಳಿಯಿಂದ ಕಿಣ್ವ ಮಂದವಾಗುತ್ತದೆ, ಗಾಳಿಯೂ ತಾಗುವುದಿಲ್ಲ. ದಿಂಡನ್ನು ಬಿಲ್ಲೆಯಾಗಿ ಕೊಯ್ಯುವಾಗ ಎಳೆಯುವ ನಾರನ್ನು ಪ್ರತಿ ಬಿಲ್ಲೆಗೂ ತೋರುಬೆರಳಿಗೆ ಸುತ್ತಿ ತೆಗೆಯಬೇಕು. ಹತ್ತು ಬಿಲ್ಲೆ ಆಗುವಷ್ಟರಲ್ಲಿ ಬೆರಳಿಗೆ ಬಿಳಿ ದಾರದ ಉಂಗುರವಾಗಿರುತ್ತದೆ.
• ಸೌತೆಯ ಕಹಿ: ಕುಕುರ್ಬಿಟಾಸಿನ್. ತೊಟ್ಟಿನ ಕಡೆ, ಸಿಪ್ಪೆಯಲ್ಲಿ ಹೆಚ್ಚು. ತುದಿ ಕತ್ತರಿಸಿ ರುಚಿ ನೋಡಿಯೇ ಬೆರೆಸಿ. ಕಡುಕಹಿ ಇದ್ದರೆ ಎಸೆಯಿರಿ.
• ಮೂಲಂಗಿ, ಸಾಸಿವೆಯ ಘಾಟು: ಐಸೊಥಯೊಸಯನೇಟ್. ಕೋಶ ಒಡೆದಾಗ ಮೈರೊಸಿನೇಸ್ ಕಿಣ್ವದಿಂದ ಉಂಟಾಗುತ್ತದೆ. ಆದ್ದರಿಂದಲೇ ತುರಿದ ಮೂಲಂಗಿ ಬಿಲ್ಲೆಗಿಂತ ಘಾಟು.
• ಈರುಳ್ಳಿ ಕಣ್ಣೀರು: ಗಂಧಕಯುಕ್ತ ಆವಿ, ಪ್ರೊಪೇನ್‌ಥಯಾಲ್ ಎಸ್-ಆಕ್ಸೈಡ್.
• ಮೆಣಸಿನಕಾಯಿಯ ಖಾರ: ಕ್ಯಾಪ್ಸೈಸಿನ್. ಹೆಚ್ಚಿರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಅಳತೆಯ ಮಾನ ಸ್ಕೋವಿಲ್, 1912.

ಒಂದು ಬಟ್ಟಲು, ಎಷ್ಟು ತವರು?

ಸೌತೆ, ಹೆಸರು ನಮ್ಮ ಉಪಖಂಡದವು. ಮಾವು ಭಾರತ–ಮ್ಯಾನ್ಮಾರ್ ಪ್ರದೇಶದ್ದು. ಗಜ್ಜರಿ, ಈರುಳ್ಳಿ ಮಧ್ಯ ಏಷ್ಯಾದವು. ಗುರೆಳ್ಳಿನ ತವರು ಇಥಿಯೋಪಿಯಾ. ಸಸ್ಯನಾಮವಾದ ಗೈಜೋಟಿಯಾ ಅಬಿಸಿನಿಕಾದಲ್ಲಿ ಆ ದೇಶದ ಹಳೆಯ ಹೆಸರು ಉಳಿದಿದೆ. ಮೆಣಸಿನಕಾಯಿ, ಟೊಮೆಟೊ, ಶೇಂಗಾ ಮೂರೂ ಅಮೆರಿಕ ಖಂಡಗಳಿಂದ ಬಂದವು. ಮೆಣಸಿನಕಾಯಿಯನ್ನು ಇಲ್ಲಿಗೆ ತಂದವರು ಪೋರ್ಚುಗೀಸರು. ಹಾಗಾದರೆ 'ಲೋಕೋಪಕಾರ'ದ ಕಾಲದ ಅಡುಗೆಗೆ ಖಾರ ಎಲ್ಲಿಂದ? ಕಾಳುಮೆಣಸು, ಶುಂಠಿ, ಸಾಸಿವೆಯಿಂದ. ಹೆಸರಿನಲ್ಲೇ ಸುಳಿವಿದೆ: 'ಮೆಣಸು' ಹಳೆಯ ಮಾತು, ಹೊಸದಾಗಿ ಬಂದ ಕಾಯಿ 'ಮೆಣಸಿನಕಾಯಿ' ಆಯಿತು.

ಇಂಗನ್ನು ಇಲ್ಲೇ ಬೆಳೆಯುವ ಕಥೆ ಈಚಿನದು. ಫೆರುಲಾ ಜಾತಿಯ ಗಿಡದ ಬೇರಿನಿಂದ ಒಸರುವ ಅಂಟು ಅದು. ಇರಾನ್, ಅಫ್ಘಾನಿಸ್ತಾನದಿಂದ ಬರುತ್ತಿತ್ತು, ಈಗಲೂ ಬರುತ್ತದೆ. ಪಾಲಂಪುರದ ಹಿಮಾಲಯ ಜೈವಿಕ ಸಂಪನ್ಮೂಲ ತಂತ್ರಜ್ಞಾನ ಸಂಸ್ಥೆ 2020ರ ಅಕ್ಟೋಬರ್ 15ರಂದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ದೇಶದ ಮೊದಲ ಇಂಗಿನ ಸಸಿ ನೆಟ್ಟಿತು.

ಸ್ವಚ್ಛತೆ

ಬೇಯಿಸದ ಅಡುಗೆಯಲ್ಲಿ ಬೆಂಕಿ ನಮ್ಮ ನೆರವಿಗೆ ಬರುವುದಿಲ್ಲ, ಎಲ್ಲ ಭಾರವೂ ನೀರು ಮತ್ತು ಕೈಗಳ ಮೇಲೆ. ತೊಳೆಯದ ಹಸಿ ತರಕಾರಿಯಿಂದ ಟೈಫಾಯ್ಡ್, ಆಮಶಂಕೆ, ಜಂತುಹುಳು ಬರಬಹುದು. ಲಾಡಿಹುಳುವಿನ ಮೊಟ್ಟೆ ಹೊಟ್ಟೆ ಸೇರಿದರೆ ಮೆದುಳಿಗೂ ತೊಂದರೆ. ಸೊಪ್ಪನ್ನು ಬಿಡಿಸಿ, ಅಗಲ ಪಾತ್ರೆಯ ನೀರಲ್ಲಿ ಅಲ್ಲಾಡಿಸಿ, ಸೊಪ್ಪನ್ನು ಮೇಲೆತ್ತಿ ನೀರು ಚೆಲ್ಲಬೇಕು. ನೀರನ್ನು ಬಸಿದರೆ ತಳದ ಮಣ್ಣು ಮತ್ತೆ ಸೊಪ್ಪಿಗೇ ಅಂಟುತ್ತದೆ. ತಳದಲ್ಲಿ ಮಣ್ಣು ಕಾಣದವರೆಗೂ ನೀರು ಬದಲಿಸಿ. ಕೊನೆಯ ನೀರು ಕುಡಿಯುವ ನೀರಾಗಿರಲಿ. ಸೋಪು ಬೇಡ. 5ರಿಂದ 60 ಡಿಗ್ರಿ ಸೆಲ್ಸಿಯಸ್ ಸೂಕ್ಷ್ಮಾಣುಗಳು ಬೆಳೆಯುವ ಅಪಾಯದ ವಲಯ; ಮಾಡಿದ ಕೋಸಂಬರಿ ಎರಡು ಗಂಟೆಯೊಳಗೆ ಮುಗಿಯಲಿ.

ಸಾಮಾನ್ಯ ಜ್ಞಾನಕ್ಕೆ

• ಭೌಗೋಳಿಕ ಸೂಚಕ ಪಡೆದ ಕರ್ನಾಟಕದ ಬೆಳೆಗಳಲ್ಲಿ ಈ ಪಾಠಕ್ಕೆ ಹತ್ತಿರದವು: ದೇವನಹಳ್ಳಿ ಚಕ್ಕೋತ, ಬೆಂಗಳೂರು ಗುಲಾಬಿ ಈರುಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಇಂಡಿ ಲಿಂಬೆ, ಅಪ್ಪೆಮಿಡಿ. ಕಾಯ್ದೆ 1999ರದು, ಜಾರಿ 2003, ನೋಂದಣಿ ಕಚೇರಿ ಚೆನ್ನೈ.
• ಚಕ್ಕೋತ: ಸಿಟ್ರಸ್ ಹಣ್ಣುಗಳಲ್ಲೇ ಅತಿ ದೊಡ್ಡದು, ಸಿಟ್ರಸ್ ಮ್ಯಾಕ್ಸಿಮಾ. ತೊಳೆಯ ಬಿಳಿ ಪೊರೆ ಸುಲಿದು ಒಳಗಿನ ಗುಲಾಬಿ ಎಸಳು ಉದುರಿಸಿದರೆ ಬೇರೆ ಹುಳಿಯೇ ಬೇಡದ ಕೋಸಂಬರಿ.
• ಹಾಪ್‌ಕಾಮ್ಸ್: 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಆರಂಭ, ಹಿಂದಿನ ಪ್ರೇರಣೆ ತೋಟಗಾರಿಕೆ ತಜ್ಞ ಎಂ.ಎಚ್. ಮರಿಗೌಡ.
• ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಹೆಸರಘಟ್ಟ: 1967. ತಳಿಗಳಿಗೆ 'ಅರ್ಕಾ' ಎಂಬ ಮುಂಪದ. ಅರ್ಕಾ ರಕ್ಷಕ್ ಟೊಮೆಟೊ ಎಲೆಮುಟುರು ನಂಜು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಎಂಬ ಮೂರು ರೋಗ ತಡೆಯುವ ತಳಿ.
• ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಮೈಸೂರು: 1950. ತೋಟಗಾರಿಕೆ ವಿಶ್ವವಿದ್ಯಾಲಯ, ಬಾಗಲಕೋಟೆ: 2008.
• ಇ-ನಾಮ್, ಅಂದರೆ ಕೃಷಿ ಉತ್ಪನ್ನಗಳ ಆನ್‌ಲೈನ್ ರಾಷ್ಟ್ರೀಯ ಮಾರುಕಟ್ಟೆ: ಆರಂಭ 2016ರ ಏಪ್ರಿಲ್ 14. ಆಪರೇಷನ್ ಗ್ರೀನ್ಸ್: 2018–19ರ ಬಜೆಟ್, ಮೊದಲಿಗೆ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗೆ.
• ಅಂತಾರಾಷ್ಟ್ರೀಯ ದ್ವಿದಳ ಧಾನ್ಯ ವರ್ಷ 2016. ದ್ವಿದಳ ಧಾನ್ಯ ದಿನ ಫೆಬ್ರವರಿ 10. ಹಣ್ಣು, ತರಕಾರಿಗಳ ವರ್ಷ 2021.
• ಸಸ್ಯಶಾಸ್ತ್ರದ ಪ್ರಕಾರ ಸೌತೆ, ಟೊಮೆಟೊ, ಮೆಣಸಿನಕಾಯಿ ಹಣ್ಣುಗಳು; ಗಜ್ಜರಿ, ಮೂಲಂಗಿ ಬೇರು; ಈರುಳ್ಳಿ ಬೇರಲ್ಲ, ರೂಪಾಂತರಗೊಂಡ ಕಾಂಡ ಮತ್ತು ದಪ್ಪನೆಯ ಎಲೆಬುಡಗಳು.

ಮಿಕ್ಕಿದ್ದು

'ಅಡುಗೆಮನೆಯ ವ್ಯರ್ಥ ತಡೆ' ಎಂಬ ಅಂಶಕ್ಕೆ ಇದನ್ನು ಬರೆಯಬಹುದು. ಎಷ್ಟೇ ಎಚ್ಚರ ಇದ್ದರೂ ಬಟ್ಟಲ ತಳದಲ್ಲಿ ನಾಲ್ಕು ಚಮಚ ಕೋಸಂಬರಿ ಮಿಕ್ಕಿ, ನೀರು ಬಿಟ್ಟಿರುತ್ತದೆ. ಚೆಲ್ಲಬೇಡಿ, ಎರಡು ಗಂಟೆ ಮೀರುವ ಮುನ್ನ ಬಳಸಿ. ಅದಕ್ಕೆ ಅಕ್ಕಿಹಿಟ್ಟು ಹಾಕಿ ಕಲಸಿ. ಉಪ್ಪು ಅದರಲ್ಲೇ ಇದೆ, ಬೇರೆ ನೀರೂ ಹೆಚ್ಚು ಬೇಡ. ಬಾಳೆ ಎಲೆಯ ಮೇಲೆ ತಟ್ಟಿ ಕಾವಲಿಗೆ ಹಾಕಿದರೆ ಅಕ್ಕಿರೊಟ್ಟಿ. ನೆನೆದ ಬೇಳೆ ಅಲ್ಲಲ್ಲಿ ಕೆಂಪಗೆ ಹುರಿದು ಹಲ್ಲಿಗೆ ಸಿಗುತ್ತದೆ.